ಹಿಂದೆ ಬರುವ ಮನೆಗೊಂದು ಬ್ರೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆಯನ್ನು ಕಾರಿನ ಹಿಂದಕ್ಕೆ ಕಟ್ಟಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಇನ್ನೊಂದು ಸಾಲು ಉದ್ದವಾಗಿರುತ್ತಿತ್ತು. ಗಾದೆಯ ಎರಡೂ ಕೆಲಸ ಮುಗಿಸಿ, ಎರಡರ ಸಾಲವನ್ನೂ ತೀರಿಸಿ, ಇನ್ನು ಮಗಳ ಮನೆಯ ಜಗಲಿಯಲ್ಲಿ ಕಾಲು ಚಾಚಿಕೊಂಡು ಕಾಫಿ ಕುಡಿಯುವುದೊಂದೇ ಬಾಕಿ ಎಂದುಕೊಂಡು ಕೆಲವು ವರ್ಷಗಳ ಹಿಂದೆ ನಾನೂ ನನ್ನಾಕೆಯೂ ಹಾಸನದಿಂದ ಸಿಡ್ನಿಗೆ ಹೊರಟೆವು. ಹೋಗಿ ನೋಡಿದರೆ ಮಗಳ ಮನೆಗೆ ಜಗಲಿಯೇ ಇಲ್ಲ. ಜಗಲಿ ಇರಬೇಕಾದ ಜಾಗದಲ್ಲಿ ಬೆಳ್ಳಗೆ, ದಪ್ಪಗೆ, ನಾಲ್ಕು ಚಕ್ರದ ಮೇಲೆ ಇನ್ನೊಂದು ಮನೆ ನಿಂತಿತ್ತು.

“ಮಾವ, ಕ್ಯಾರವಾನ್ ತಗೊಂಡ್ವಿ,” ಎಂದರು ಅಳಿಯಂದಿರು. ಹೊಸ ಸೈಟಿಗೆ ಬೇಲಿ ಹಾಕಿಸಿದವರ ಮುಖದಲ್ಲಿ ಮಾತ್ರ ಕಾಣುವ ಕಳೆ ಅವರ ಮುಖದಲ್ಲಿತ್ತು.

ನನ್ನಾಕೆ ಒಳಗೆ ಹೋಗಿ ಒಂದು ಸುತ್ತು ಬಂದಳು. ಸುತ್ತು ಎಂದರೆ ನಾಲ್ಕು ಹೆಜ್ಜೆ ಹೋಗಿ ನಾಲ್ಕು ಹೆಜ್ಜೆ ಬರುವುದು. ಒಲೆ ಇದೆ, ಸಿಂಕು ಇದೆ, ಫ್ರಿಜ್ಜು ಇದೆ, ಹಾಸಿಗೆ ಇದೆ, ಬಚ್ಚಲು ಕೂಡ ಇದೆ. ದೇವರ ಗೂಡಿಗೆ ಮಾತ್ರ ಜಾಗ ಬಿಟ್ಟಿಲ್ಲ ಎಂಬ ಒಂದೇ ತಕರಾರಿನೊಂದಿಗೆ ಆಕೆ ಮನೆಯನ್ನು ಒಪ್ಪಿಕೊಂಡಳು. ಅಷ್ಟೇ ಅಲ್ಲ, ಕಾರಿನಲ್ಲಿ ಇಕ್ಕಟ್ಟಾಗಿ ಕೂರುವುದಕ್ಕಿಂತ ತಾನು ಹಿಂದಿನ ಮನೆಯಲ್ಲೇ ಮಲಗಿಕೊಂಡು ಬರುವೆನೆಂದೂ, ದಾರಿಯಲ್ಲಿ ಯಾರಿಗಾದರೂ ಕಾಫಿ ಬೇಕಾದರೆ ಒಂದು ಫೋನ್ ಮಾಡಿದರೆ ಸಾಕೆಂದೂ ತೀರ್ಮಾನಿಸಿಬಿಟ್ಟಳು. ಅಳಿಯಂದಿರು ಗಾಬರಿಯಾದರು. ಓಡುವ ಕ್ಯಾರವಾನಿನೊಳಗೆ ಮನುಷ್ಯರು ಇರುವ ಹಾಗೇ ಇಲ್ಲವಂತೆ. ಆಸ್ಟ್ರೇಲಿಯಾದ ರಸ್ತೆ ನಿಯಮದಲ್ಲಿ ಅದು ಅಪರಾಧ. “ಮನೆ ಓಡ್ವಾಗ ಮನೆಯವ್ರು ಹೊರಗಿರ್ಬೇಕಾ? ಇದ್ಯಾವ ನ್ಯಾಯ?” ಎಂದು ನನ್ನಾಕೆ ಕೇಳಿದ್ದು ನನಗೂ ಸರಿಯಾಗಿಯೇ ಕಂಡಿತು.

ಆ ದೇಶದಲ್ಲಿ ನಮ್ಮ ವಯಸ್ಸಿನವರಿಗೆ ಇದೊಂದು ಗೀಳು. ನಿವೃತ್ತರಾದದ್ದೇ ಮನೆಗೆ ಬೀಗ ಜಡಿದು, ಕ್ಯಾರವಾನನ್ನು ಕಾರಿಗೆ ಕಟ್ಟಿ, ಗಂಡ ಹೆಂಡತಿ ದೇಶ ಸುತ್ತಲು ಹೊರಡುತ್ತಾರೆ. ಗ್ರೇ ನೊಮ್ಯಾಡ್‌ಗಳೆಂದು ಅವರಿಗೆ ಹೆಸರು. ಖಂಡವನ್ನು ಬಳಸಿಕೊಂಡು ಹೋಗುವ ಒಂದನೆಯ ನಂಬರಿನ ಹೆದ್ದಾರಿ ಸುಮಾರು 14,500 ಕಿಲೋಮೀಟರ್ ಉದ್ದವಿದೆ. ಅದನ್ನು ಒಂದು ಸಲ ಸುತ್ತಿ ಬಂದವರ ಮಾತಿಗೆ ಕಾಶಿಗೆ ಹೋಗಿ ಬಂದವರ ತೂಕ. ನಮ್ಮೂರಲ್ಲಿ ಈ ವಯಸ್ಸಿನವರು ಸುತ್ತುವುದು ಹೆಚ್ಚೆಂದರೆ ಬಡಾವಣೆಯ ಪಾರ್ಕನ್ನು, ಅದೂ ಡಾಕ್ಟರು ಹೇಳಿದ್ದಾರೆಂದು.

ಹೊರಡುವ ಹಿಂದಿನ ದಿನ ಸಾಮಾನು ಏರಿಸುವ ಶಾಸ್ತ್ರ. ನನ್ನಾಕೆ ಅಕ್ಕಿ ಮೂಟೆ, ರಾಗಿಹಿಟ್ಟಿನ ಡಬ್ಬ, ಎರಡು ಕುಕ್ಕರು, ಉಪ್ಪಿನಕಾಯಿ ಭರಣಿ, ಮಗಳ ಟೇಬಲ್ ಮೇಲಿನ ವೆಟ್ ಗ್ರೈಂಡರು ಇವನ್ನೆಲ್ಲ ಕ್ಯಾರವಾನಿನ ತೀರಾ ಹಿಂದಿನ ಕಪಾಟಿನಲ್ಲಿ ಒಪ್ಪವಾಗಿ ಜೋಡಿಸಿದಳು. ಸಂಜೆ ಆಫೀಸಿನಿಂದ ಬಂದ ಅಳಿಯಂದಿರು ಕಪಾಟು ತೆರೆದು ಮೌನವಾಗಿ ನಿಂತರು. ಆಮೇಲೆ ಅತ್ತೆಯ ಮನಸ್ಸು ನೋಯದ ಹಾಗೆ, ರುಬ್ಬುವ ಕಲ್ಲು ಮುಂದಕ್ಕೆ ಬರಬೇಕೆಂಬ ವಿಷಯವನ್ನು ಬಹಳ ಸುತ್ತುಬಳಸಿ ಹೇಳಿದರು.

ಅವರು ಹೇಳಿದ ಲೆಕ್ಕ ಪೂರ್ತಿ ಕೇಳುವ ಮೊದಲೇ ನನಗೆ ಅರ್ಥವಾಯಿತು, ಏಕೆಂದರೆ ನಮ್ಮ ತಾತನ ಎತ್ತಿನ ಗಾಡಿಯದೂ ಅದೇ ಲೆಕ್ಕ. ಹುಲ್ಲಾಗಲಿ ಗೊಬ್ಬರವಾಗಲಿ, ಅಚ್ಚಿನ ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಜಜ್ಜುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗವೇ ಉರುಳಾಗುತ್ತದೆ. ಹದವಾಗಿ ಸ್ವಲ್ಪವೇ ಮುಂಭಾರ ಇರಬೇಕು. ಕ್ಯಾರವಾನಿನಲ್ಲಿ ಎತ್ತಿನ ಹೆಗಲಿನ ಜಾಗದಲ್ಲಿ ಕಾರಿನ ಹಿಂದೆ ಚಾಚಿಕೊಂಡಿರುವ 50 ಮಿಲಿಮೀಟರಿನ ಒಂದು ಉಕ್ಕಿನ ಗುಂಡು ಇದೆ. ಒಟ್ಟು ತೂಕದ ಹತ್ತನೆಯ ಒಂದು ಪಾಲಿನಷ್ಟು ಆ ಗುಂಡಿನ ಮೇಲೆ ಕೂತಿರಬೇಕೆಂಬುದು ಅಲ್ಲಿಯವರ ವಾಡಿಕೆಯ ಲೆಕ್ಕ. ಹಿಂಭಾರವಾದರೆ ವೇಗ ಹೆಚ್ಚಿದಂತೆ ಹಿಂದಿನ ಮನೆ ಬಾಲ ಆಡಿಸಲು ಶುರುಮಾಡುತ್ತದೆ, ಕೊನೆಗೆ ಬಾಲವೇ ನಾಯಿಯನ್ನು ಆಡಿಸುತ್ತದೆ. ಹಾಗಾದಾಗ ಗಾಬರಿಯಿಂದ ಕಾರಿನ ಬ್ರೇಕನ್ನು ತುಳಿಯಬಾರದಂತೆ. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಡ್ಯಾಶ್‌ಬೋರ್ಡಿನ ಮೇಲಿರುವ ಸಣ್ಣ ಗುಂಡಿಯೊಂದನ್ನು ಒತ್ತಿ ಕ್ಯಾರವಾನಿನ ಬ್ರೇಕನ್ನು ಮಾತ್ರ ಹಿಡಿಯಬೇಕು. ಹಿಂದಿನದು ಹಿಂದಕ್ಕೆ ಜಗ್ಗಿದರೆ ಎರಡೂ ಮತ್ತೆ ಒಂದೇ ಗೆರೆಗೆ ಬರುತ್ತವೆ. ನಮ್ಮ ತಾತನ ಗಾಡಿಗೆ ಗುಂಡಿ ಇರಲಿಲ್ಲ. ‘ಹೋ, ಹೋ’ ಎಂಬ ಒಂದು ಕೂಗು ಇತ್ತು, ಎತ್ತಿಗೆ ಮನಸ್ಸಿದ್ದರೆ ನಿಲ್ಲುತ್ತಿತ್ತು.

ರುಬ್ಬುವ ಕಲ್ಲು ಅಚ್ಚಿನ ನೇರಕ್ಕೆ, ನೆಲಕ್ಕೆ ಹತ್ತಿರವಾಗಿ ಬಂತು. ಉಪ್ಪಿನಕಾಯಿ ಭರಣಿಯ ವಿಷಯದಲ್ಲಿ ನನ್ನಾಕೆ ಜಗ್ಗಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅಳಿಯಂದಿರು ನನಗೆ ನಿಯಮಗಳ ಪಾಠ ಮಾಡಿದರು. ಕಂಪ್ಯೂಟರ್ ಕೆಲಸದವರು, ಎಲ್ಲವನ್ನೂ ‘ಹೀಗಿದ್ದರೆ ಹಾಗೆ’ ಎಂದೇ ಹೇಳುವುದು. ಹಿಂದೆ ಎಳೆಸಿಕೊಳ್ಳುವ ಗಾಡಿ ಸಣ್ಣದು, ಚಕ್ರದ ಮೇಲೆ ಬೀಳುವ ತೂಕ 750 ಕಿಲೋ ಮೀರಿಲ್ಲ, ಅಚ್ಚು ಒಂದೇ ಎಂದರೆ ಅದಕ್ಕೆ ತನ್ನದೇ ಬ್ರೇಕು ಬೇಡ. ಮುಂದಿನ ಕಾರೇ ಅದನ್ನೂ ನಿಲ್ಲಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ 2,000 ಕಿಲೋವರೆಗೆ ಕೊನೇಪಕ್ಷ ಒಂದು ಅಚ್ಚಿನ ಚಕ್ರಗಳಿಗೆ ಬ್ರೇಕಿರಬೇಕು. 2,000 ದಾಟಿತೋ, ಎಲ್ಲ ಚಕ್ರಕ್ಕೂ ಬ್ರೇಕು. ಅಷ್ಟೇ ಸಾಲದು, ಗಾಡಿ ಕಾರಿನಿಂದ ಕಳಚಿಕೊಂಡರೆ ತನ್ನಷ್ಟಕ್ಕೆ ತಾನೇ ಬ್ರೇಕು ಹಾಕಿಕೊಂಡು, ಕಡಿಮೆಯೆಂದರೂ 15 ನಿಮಿಷ ಹಾಗೇ ಹಿಡಿದುಕೊಂಡಿರಬೇಕು. ಇವರ ಕ್ಯಾರವಾನು ಎರಡು ಟನ್ನನ್ನು ಚೆನ್ನಾಗಿಯೇ ಮೀರಿತ್ತು, ಉಪ್ಪಿನಕಾಯಿ ಭರಣಿ ಬಿಟ್ಟು.

ಈ ಕೊನೆಯ ನಿಯಮ ಕೇಳಿದಾಗ ನನ್ನ ನಿದ್ದೆಯ ಮಂಪರು ಹಾರಿಹೋಯಿತು. ಕಳಚಿಕೊಳ್ಳಬಾರದು ಎಂದು ನಿಯಮ ಮಾಡುವುದು ಎಲ್ಲರಿಗೂ ಬರುತ್ತದೆ. ನಮ್ಮಲ್ಲಿ ಅಂಥ ಫಲಕಗಳು ಹೆಜ್ಜೆಗೊಂದು ಸಿಗುತ್ತವೆ. ಕಳಚಿಕೊಂಡೇಬಿಟ್ಟರೆ ಏನು ಗತಿ ಎಂದು ಮೊದಲೇ ಯೋಚಿಸಿ, ಅದಕ್ಕೆ ಕಾಲು ಗಂಟೆಯ ಲೆಕ್ಕವನ್ನೂ ಹಾಕಿಟ್ಟಿದ್ದಾರಲ್ಲ, ಅಲ್ಲಿ ಒಬ್ಬ ಗುಮಾಸ್ತನ ಹಿಂದೆ ಒಬ್ಬ ಅಜ್ಜಿ ಕೂತಿದ್ದಿರಬೇಕು ಎನಿಸಿತು.

15 ನಿಮಿಷವೇ ಏಕೆ? ನನಗೆ ತೋಚಿದ್ದು ಇಷ್ಟು: ಚಾಲಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎದೆಬಡಿತ ಇಳಿಸಿಕೊಂಡು, ಓಡಿಬಂದು, ಕ್ಯಾರವಾನಿನ ಚಕ್ರಕ್ಕೆ ಅಡೆ ಕೊಡುವಷ್ಟು ಹೊತ್ತು. ನಮ್ಮ ಲಾರಿಗಳಲ್ಲಿ ಈ ಕೆಲಸಕ್ಕೆಂದೇ ಕ್ಲೀನರ್ ಹುಡುಗನಿರುತ್ತಿದ್ದ. ಘಾಟಿಯಲ್ಲಿ ಲಾರಿ ಏದುಸಿರು ಬಿಟ್ಟು ನಿಂತಿತೆಂದರೆ ಡ್ರೈವರ್ ‘ಕಲ್ಲು ಕೊಡ್ಲಾ!’ ಎಂದು ಕೂಗುವಷ್ಟರಲ್ಲಿ ಹುಡುಗ ಹಾರಿ ಇಳಿದು ಚಕ್ರದ ಹಿಂದೆ ಕಲ್ಲು ಒತ್ತಿರುತ್ತಿದ್ದ. ಲಾರಿ ಮುಂದೆ ಹೋದ ಮೇಲೆ ಆ ಕಲ್ಲು ನಡುರಸ್ತೆಯಲ್ಲೇ ಉಳಿದು ನಾಲ್ಕು ಸ್ಕೂಟರಿನವರನ್ನು ಬೀಳಿಸುತ್ತಿತ್ತು, ಅದು ಬೇರೆ ಮಾತು. ಕ್ಯಾರವಾನಿಗೆ ಕ್ಲೀನರ್ ಇಲ್ಲ. ಅವನ ಬದಲಿಗೆ ಒಂದು ಪಿನ್ನು, ಒಂದು ತೆಳು ಉಕ್ಕಿನ ದಾರ, ಒಂದು ಪುಟ್ಟ ಬ್ಯಾಟರಿ.

ಆ ಏರ್ಪಾಡು ಹೇಗೆಂದರೆ, ದೊಡ್ಡ ಕ್ಯಾರವಾನುಗಳ ಬ್ರೇಕು ಹೆಚ್ಚಾಗಿ ವಿದ್ಯುತ್ತಿನದು. ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ. ಕಾರಿನಲ್ಲಿ ಬ್ರೇಕ್ ತುಳಿದಾಗ ಡ್ಯಾಶ್‌ಬೋರ್ಡಿನ ಕಂಟ್ರೋಲರ್ ಅಷ್ಟಕ್ಕಷ್ಟು ಕರೆಂಟನ್ನು ಹಿಂದಕ್ಕೆ ಕಳಿಸುತ್ತದೆ. ಏಳು ಪಿನ್ನಿನ ಪ್ಲಗ್ಗಿನಲ್ಲಿ ಐದನೆಯದು, ನೀಲಿ ತಂತಿ, ಅದರ ದಾರಿ. ಕಾಂತ ಜಾಗೃತವಾಗಿ ತಿರುಗುವ ಡ್ರಮ್ಮಿನ ಮುಖವನ್ನು ಕಚ್ಚುತ್ತದೆ. ಡ್ರಮ್ಮು ಅದನ್ನು ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ. ಆ ಎಳೆತಕ್ಕೆ ಒಂದು ಸನ್ನೆ ತಿರುಗಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಚಕ್ರದ ಬಲದಿಂದಲೇ ಚಕ್ರವನ್ನು ನಿಲ್ಲಿಸುವ ಈ ಉಪಾಯ ಕೇಳಿ ನನಗೆ ಬಹಳ ಸಂತೋಷವಾಯಿತು. ನನ್ನಾಕೆ ನನ್ನನ್ನು ನಡೆಸಿಕೊಂಡು ಬಂದದ್ದೂ ಇದೇ ತತ್ತ್ವದ ಮೇಲೆ.

ಆದರೆ ಆ ಕರೆಂಟು ಬರುವುದು ಕಾರಿನ ಬ್ಯಾಟರಿಯಿಂದ. ಕಾರೂ ಕ್ಯಾರವಾನೂ ಬೇರೆಯಾದರೆ ಪ್ಲಗ್ಗೂ ಕಿತ್ತುಬರುತ್ತದೆ, ಬ್ರೇಕು ಸಾಯುತ್ತದೆ. ಅಂದರೆ ಯಾವ ಗಳಿಗೆಗೆ ಬ್ರೇಕು ಬೇಕೇ ಬೇಕೋ ಅದೇ ಗಳಿಗೆಗೆ ಅದು ಇರುವುದಿಲ್ಲ. ಆದ್ದರಿಂದ ಕ್ಯಾರವಾನಿಗೆ ತನ್ನದೇ ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ. ಅದರ ಸ್ವಿಚ್ಚಿನಲ್ಲಿ ಒಂದು ಪಿನ್ನು ಸಿಕ್ಕಿಸಿರುತ್ತಾರೆ, ಪಿನ್ನಿಗೆ ಕಟ್ಟಿದ ದಾರದ ಇನ್ನೊಂದು ತುದಿ ಕಾರಿಗೆ. ಬೇರೆಯಾದ ಕೂಡಲೇ ದಾರ ಬಿಗಿದು ಪಿನ್ನು ಹೊರಬರುತ್ತದೆ, ಸಣ್ಣ ಬ್ಯಾಟರಿ ಎಲ್ಲ ಚಕ್ರಗಳನ್ನೂ ಹಿಡಿದುಹಾಕುತ್ತದೆ. ಇದಲ್ಲದೆ ಉಕ್ಕಿನ ಸರಪಳಿ ಬೇರೆ. ಕ್ಯಾರವಾನಿನ ಒಟ್ಟು ತೂಕ ಎರಡೂವರೆ ಟನ್ನು ದಾಟಿದರೆ ಒಂದಲ್ಲ, ಎರಡು ಸರಪಳಿ. ಪಿನ್ನಿನ ದಾರವನ್ನು ಆ ಸರಪಳಿಗೇ ಕಟ್ಟಿಬಿಡುವ ಜಾಣರೂ ಇದ್ದಾರೆ. ಸರಪಳಿ ಕಳಚಿದರೆ ದಾರವೂ ಅದರ ಜೊತೆಗೇ ಹೋಗುತ್ತದೆ, ಪಿನ್ನು ಹಾಯಾಗಿ ತನ್ನ ಜಾಗದಲ್ಲಿರುತ್ತದೆ!

ನ್ಯೂ ಸೌತ್ ವೇಲ್ಸ್ ರಾಜ್ಯದವರು ಇದಕ್ಕೆ ಮೇಲೊಂದು ಒಗ್ಗರಣೆಯನ್ನೂ ಹಾಕಿದ್ದರು. ಆ ಸಣ್ಣ ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಎಂಬುದು ಚಾಲಕನಿಗೆ ತನ್ನ ಸೀಟಿನಲ್ಲಿ ಕೂತಲ್ಲೇ ತಿಳಿಯಬೇಕು. ಹಾಗಾಗಿ ಅಳಿಯಂದಿರ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಡಲೆಬೀಜದಷ್ಟು ಪೆಟ್ಟಿಗೆಯಲ್ಲಿ ಹಸಿರು ದೀಪವೊಂದು ಮಿನುಗುತ್ತಿತ್ತು. ಬೇರೆ ರಾಜ್ಯದವರು ಇದನ್ನು ಅತಿಯಾಯಿತೆಂದು ಗೊಣಗುತ್ತಿದ್ದರಂತೆ. ಒಂದೇ ದೇಶ, ಒಂದೇ ಕ್ಯಾರವಾನು, ಗಡಿ ದಾಟಿದರೆ ಬೇರೆ ಕಾನೂನು ಎಂದು ಅಳಿಯಂದಿರೂ ಸ್ವಲ್ಪ ಗೊಣಗಿದರು. ಹೊಸೂರು ದಾಟಿದರೆ ಪರ್ಮಿಟ್ಟು ಕೇಳುವ ನಾಡಿನಿಂದ ಬಂದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಬೆಳಗ್ಗೆ ಹೊರಟೆವು. ದಾರಿ ಬ್ಲೂ ಮೌಂಟನ್ಸ್ ಏರಿ, ಆಚೆ ಇಳಿದು, ಸುಮಾರು 200 ಕಿಲೋಮೀಟರ್ ದೂರದ ಬಾಥರ್ಸ್ಟ್ ಪಟ್ಟಣಕ್ಕೆ. ಅಳಿಯಂದಿರು ನಿಧಾನಸ್ಥರು. ನಮ್ಮದರಂತೆ ಉದ್ದದ ವಾಹನಗಳು ಊರಾಚೆಯ ಬೀದಿದೀಪವಿಲ್ಲದ ರಸ್ತೆಗಳಲ್ಲಿ ಮುಂದಿನ ಉದ್ದದ ವಾಹನದಿಂದ 60 ಮೀಟರ್ ಹಿಂದಿರಬೇಕೆಂಬ ನಿಯಮವೂ ಅವರ ಪಾಠದಲ್ಲಿತ್ತು. ಅದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ನಮ್ಮ ಸಿಲ್ಕ್ ಬೋರ್ಡಿನಲ್ಲಿ 60 ಮೀಟರ್ ಖಾಲಿ ಬಿಟ್ಟರೆ ಅಲ್ಲಿ ಎರಡು ಆಟೋ ಸ್ಟ್ಯಾಂಡು, ಒಂದು ಗೋಬಿ ಮಂಚೂರಿ ಗಾಡಿ, ಒಂದು ಗಣಪತಿ ಪೆಂಡಾಲು ಎದ್ದಿರುತ್ತದೆ.

ಮೌಂಟ್ ವಿಕ್ಟೋರಿಯಾ ದಾಟಿದ ಮೇಲೆ ರಸ್ತೆ ಒಮ್ಮೆಗೇ ಧುಮುಕುತ್ತದೆ. ವಿಕ್ಟೋರಿಯಾ ಪಾಸ್ ಎಂದು ಹೆಸರು. ಸರ್ವೇಯರ್ ಜನರಲ್ ಥಾಮಸ್ ಮಿಚೆಲ್ ಎಂಬಾತ ಹಟ ಹಿಡಿದು ಮಾಡಿಸಿದ ಈ ದಾರಿ 1832ರಲ್ಲಿ ತೆರೆಯಿತು. ಅದಕ್ಕೂ ಮೊದಲಿನ ದಾರಿಯ ಕಥೆ ಇನ್ನೂ ಸೊಗಸು. ವಿಲಿಯಂ ಕಾಕ್ಸ್ ಎಂಬವನು 1814ರ ಜುಲೈಯಲ್ಲಿ ಮೂವತ್ತು ಮಂದಿ ಕೈದಿಗಳನ್ನು ಕಟ್ಟಿಕೊಂಡು ಶುರುಮಾಡಿ, ಮುಂದಿನ ಜನವರಿಯಲ್ಲಿ 101 ಮೈಲಿಯ ರಸ್ತೆಯನ್ನು ಮುಗಿಸಿಬಿಟ್ಟ. ಬೆಟ್ಟ ಕಡಿದು ಆರು ತಿಂಗಳಿಗೆ! ನಮ್ಮ ಬಡಾವಣೆಯ ಮೋರಿ ಕೆಲಸ ಅದಕ್ಕಿಂತ ಹೆಚ್ಚು ಕಾಲದಿಂದ ನಡೆದಿದೆ, ಕೈದಿಗಳ ಕೊರತೆಯಿಂದಲೋ ಏನೋ. ಆದರೆ ಅವಸರದಲ್ಲಿ ಆದ ಆ ರಸ್ತೆ ಮೌಂಟ್ ಯಾರ್ಕ್ ಎಂಬಲ್ಲಿ ಎಷ್ಟು ಕಡಿದಾಗಿ ಇಳಿಯುತ್ತಿತ್ತೆಂದರೆ, ಗಾಡಿಯವರು ಮೇಲೇ ನಿಂತು ಮರ ಕಡಿದು, ದಿಮ್ಮಿಯನ್ನು ಗಾಡಿಯ ಹಿಂದಕ್ಕೆ ಕಟ್ಟಿ, ಅದನ್ನು ನೆಲಕ್ಕೆ ತರೆಯುತ್ತ ಎಳೆದುಕೊಂಡು ಇಳಿಯುತ್ತಿದ್ದರಂತೆ. ಅದೇ ಅವರ ಬ್ರೇಕು. ಮರಕ್ಕೆ ಚಾರ್ಜ್ ಮಾಡಬೇಕಾಗಿರಲಿಲ್ಲ, ಹಸಿರು ದೀಪವೂ ಬೇಡವಾಗಿತ್ತು. ಗಾಡಿಯವನಿಗೆ ತನ್ನ ಬ್ರೇಕು ಇದೆಯೋ ಇಲ್ಲವೋ ಎಂದು ತಿಳಿಯಲು ಹಿಂದೆ ತಿರುಗಿ ನೋಡಿದರೆ ಸಾಕಾಗಿತ್ತು. ನಮ್ಮ ಕಾಲದ ಬ್ರೇಕಿನ ತೊಂದರೆ ಇದೇ ಎಂದು ನನಗೆ ಆ ಇಳಿಜಾರಿನಲ್ಲಿ ಹೊಳೆಯಿತು. ಇರುವ ಬ್ಯಾಟರಿಗೂ ಸತ್ತ ಬ್ಯಾಟರಿಗೂ ಹೊರಗಿನಿಂದ ಯಾವ ವ್ಯತ್ಯಾಸವೂ ಇಲ್ಲ. ಅಳಿಯಂದಿರು ಮಾತು ನಿಲ್ಲಿಸಿ, ಗೇರು ಇಳಿಸಿ, ಇಂಜಿನ್ನಿನ ಹಿಡಿತದಲ್ಲೇ ಮನೆಯನ್ನು ಕೆಳಗಿಳಿಸಿದರು. ನನ್ನಾಕೆ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಇಳಿದು ಮುಗಿದ ಮೇಲೆ ಕೇಳಿದರೆ, ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿ ಮಾಡಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತಿದ್ದೆ ಎಂದಳು.

ಬಾಥರ್ಸ್ಟಿನ ಕ್ಯಾರವಾನ್ ಪಾರ್ಕು ಒಂದು ಪುಟ್ಟ ಅಗ್ರಹಾರ. ಸಾಲಾಗಿ ಮನೆಗಳು, ಮುಂದೆ ಕುರ್ಚಿಗಳು, ಕುರ್ಚಿಗಳಲ್ಲಿ ನಮ್ಮ ವಯಸ್ಸಿನವರು, ಅವರ ಬಾಯಲ್ಲಿ ಮಂಡಿನೋವಿನ ಮಾತು. ನಾನು ಹುಡುಕುತ್ತಿದ್ದ ಜಗಲಿ ಇಲ್ಲಿ ಸಿಕ್ಕಿತು. ಕಾರು ಬಿಚ್ಚಿ, ಕ್ಯಾರವಾನಿಗೆ ಅಡೆ ಕೊಟ್ಟು, ಸ್ನಾನ ಮಾಡಿ, ಒದ್ದೆ ಟವೆಲ್ಲನ್ನು ಕ್ಯಾರವಾನಿನ ಮುಂದೆ ಚಾಚಿದ ಕಬ್ಬಿಣದ ಚೌಕಟ್ಟಿನ ಮೇಲೆ ಒಣಹಾಕಿ, ಸಂಜೆಯೆಲ್ಲ ಆ ಅಗ್ರಹಾರದ ಬೀದಿಯಲ್ಲಿ ಓಡಾಡಿದೆ. ರಾತ್ರಿ ಹುಳಿ ಅನ್ನ. ಭರಣಿ ಕ್ಷೇಮವಾಗಿತ್ತು.

ಬೆಳಗ್ಗೆ ಪಕ್ಕದ ಊರಿಗೆ ಹೊರಡಬೇಕು. ಅಳಿಯಂದಿರು ಕಾರು ಜೋಡಿಸಿ ಪ್ಲಗ್ಗು ಸಿಕ್ಕಿಸಿದ್ದೇ ತಡ, ಕಾರಿನೊಳಗೆ ಕೀಂ ಕೀಂ ಎಂದು ಅಳು. ಹಸಿರು ದೀಪ ಕೆಂಪಾಗಿತ್ತು. ಸಣ್ಣ ಬ್ಯಾಟರಿ ಸತ್ತಿದೆ. ಅಳಿಯಂದಿರು ಇಳಿದು ಮುಂದಿನ ಚೌಕಟ್ಟಿನ ಹತ್ತಿರ ಬಗ್ಗಿ ನೋಡಿದರು. ಸ್ವಿಚ್ಚಿನಲ್ಲಿ ಪಿನ್ನು ಇಲ್ಲ. ಪಿನ್ನು ಇರಬೇಕಾದ ಜಾಗಕ್ಕೆ ಒಂದು ಮೊಳ ದೂರದಲ್ಲಿ ಹಾಸನದ ಸಂತೆಯಲ್ಲಿ ಕೊಂಡ ಕೆಂಪು ಅಂಚಿನ ಟವೆಲ್ಲು.

“ಮಾವ, ಟವೆಲ್ಲು ನಿಮ್ದಲ್ವಾ?” ಎಂದರು. ಧ್ವನಿಯಲ್ಲಿ ಆರೋಪ ಇರಲಿಲ್ಲ, ಅದೇ ಹೆಚ್ಚು ನೋಯಿಸಿತು. ಮಗಳು “ಅಪ್ಪ...” ಎಂದು ಎಳೆದಳು. ನನ್ನಾಕೆಗೆ ವಿಚಾರಣೆಯ ಅಗತ್ಯವೇ ಕಾಣಲಿಲ್ಲ. “ಮನೇಲೂ ಹಂಗೇ, ಕಂಡ್‌ಕಂಡಲ್ಲಿ ಒಣಗ್ಹಾಕ್ತಾರೆ” ಎಂದು ಹಳೆಯ ಪ್ರಕರಣಗಳನ್ನೆಲ್ಲ ಸಾಕ್ಷಿಗೆ ಕರೆದಳು. ಪಕ್ಕದ ಕ್ಯಾರವಾನಿನ ಹಿರಿಯರೊಬ್ಬರು ಕೈಯಲ್ಲಿ ಚಹದ ಮಗ್ಗು ಹಿಡಿದು ಬಂದರು, ಟವೆಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಭಾಷೆ ತಿಳಿಯದಿದ್ದರೂ ತೀರ್ಪು ಕೊಟ್ಟರು. ನಾಲ್ಕು ದಶಕ ಮೇಷ್ಟರಾಗಿ ಎಷ್ಟೋ ಹುಡುಗರನ್ನು ಇದೇ ಥರ ಸಾಂದರ್ಭಿಕ ಸಾಕ್ಷ್ಯದ ಮೇಲೆ ಬೆಂಚಿನ ಮೇಲೆ ನಿಲ್ಲಿಸಿದ್ದು ನನಗೆ ಆಗ ನೆನಪಾಯಿತು.

ಅಷ್ಟರಲ್ಲಿ ಮೊಮ್ಮಗರಾಯ ಹಾಲು ಕುಡಿದು ಹೊರಗೆ ಬಂದ. ಅವನ ಚಡ್ಡಿಯ ಜೇಬಿನಿಂದ ಒಂದು ಉಕ್ಕಿನ ದಾರ ಬಾಲದಂತೆ ಇಳಿಬಿದ್ದಿತ್ತು. ಕೇಳಿದರೆ, ಅದು ತನ್ನ ಬಾಹ್ಯಾಕಾಶ ನೌಕೆಯ ಕೀಲಿಕೈ ಎಂದ. ಹಿಂದಿನ ಸಂಜೆ ಅದನ್ನು ಎಳೆದಾಗ ‘ಟಕ್’ ಅಂತ ಸದ್ದಾಯಿತಂತೆ. ನೌಕೆ ಹೊರಟಿತು ಎಂದುಕೊಂಡನಂತೆ. ಹೊರಟದ್ದು ಬ್ಯಾಟರಿಯ ಪ್ರಾಣ. ಪಿನ್ನು ಹೊರಬಂದದ್ದೇ ಬ್ರೇಕುಗಳು ನಾಲ್ಕೂ ಚಕ್ರವನ್ನು ಹಿಡಿದುಕೊಂಡು, ತಮಗೆ ವಿಧಿಸಿದ 15 ನಿಮಿಷವನ್ನು ನಿಷ್ಠೆಯಿಂದ ಕಾದು, ಆಮೇಲೂ ಶಕ್ತಿಯಿರುವಷ್ಟು ಹೊತ್ತು ಕಾದು, ರಾತ್ರಿ ಯಾವಾಗಲೋ ಕೈಬಿಟ್ಟಿದ್ದವು. ಯಾರಿಗೂ ಗೊತ್ತಾಗಲಿಲ್ಲ. ನಿಂತ ಮನೆ ಇನ್ನಷ್ಟು ಗಟ್ಟಿಯಾಗಿ ನಿಂತರೆ ಯಾರಿಗೆ ತಿಳಿಯುತ್ತದೆ?

ನಾನು ಟವೆಲ್ಲನ್ನು ಎತ್ತಿಕೊಂಡು, ಸ್ವಲ್ಪ ಜಾಸ್ತಿಯೇ ಕೊಡವಿ, ಹೆಗಲ ಮೇಲೆ ಹಾಕಿಕೊಂಡೆ. ಕ್ಷಮೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ; ನನ್ನಾಕೆ ಎರಡನೆಯ ಕಾಫಿ ತಂದಿಟ್ಟಳು.

ಬ್ಯಾಟರಿ ತುಂಬುವವರೆಗೆ ಹೊರಡುವಂತಿಲ್ಲ ಎಂದರು ಅಳಿಯಂದಿರು. ಪಾರ್ಕಿನ 240 ವೋಲ್ಟಿನ ಕರೆಂಟಿಗೆ ಚಾರ್ಜರು ಸಿಕ್ಕಿಸಿ, ಉಪ್ಪಿಟ್ಟು ಮಾಡಿ, ಪಕ್ಕದ ಹಿರಿಯರನ್ನೂ ಕರೆದೆವು. ಅವರು ಹಿಂದೆ ಟ್ರಕ್ಕು ಓಡಿಸುತ್ತಿದ್ದವರು. ಉಪ್ಪಿಟ್ಟಿನಲ್ಲಿ ಸಿಕ್ಕಿದ ಹಸಿಮೆಣಸಿನಕಾಯಿಯನ್ನು ಬೀನ್ಸ್ ಎಂದು ಅಗಿದು, ನೀರು ಕುಡಿದು, ಸುಧಾರಿಸಿಕೊಂಡು ಒಂದು ಮಾತು ಹೇಳಿದರು. ಕ್ಯಾರವಾನಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಜನ ಒಂದನ್ನು ಮಾತ್ರ ಸಾಕುತ್ತಾರೆ, ಎಂದು.

ನಿಜವಾಗಿತ್ತು. ದೀಪ, ಫ್ರಿಜ್ಜು, ನೀರಿನ ಪಂಪು, ಫೋನು ಎಲ್ಲಕ್ಕೂ ಒಂದು ದೊಡ್ಡ ಬ್ಯಾಟರಿ. ಅಳಿಯಂದಿರದು ದುಬಾರಿ ಲಿಥಿಯಂನದು. ಹಳೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಸವೆಯುತ್ತದೆ. ಲಿಥಿಯಂ ಮುಕ್ಕಾಲು ಪಾಲು ಖಾಲಿಯಾದರೂ ನಗುತ್ತಿರುತ್ತದೆ, ತೂಕವೂ ಕಡಿಮೆ. ಅದಕ್ಕೆ ಚಾವಣಿಯ ಮೇಲೆ ಸೌರಫಲಕ, ಕಾರಿನಿಂದ ದಪ್ಪ ತಂತಿ, ಮಧ್ಯೆ ಒಂದು ಬೇರೆ ಚಾರ್ಜರು. ಎಷ್ಟು ತುಂಬಿದೆ, ಎಷ್ಟು ಖರ್ಚಾಗುತ್ತಿದೆ ಎಂದು ಅಳಿಯಂದಿರ ಫೋನಿನಲ್ಲಿ ನಿಮಿಷ ನಿಮಿಷಕ್ಕೂ ವರದಿ. ಮೊಸರು ಹುಳಿಯಾಗದಂತೆ ಕಾಯುವ ಬ್ಯಾಟರಿಗೆ ಇಷ್ಟು ಉಪಚಾರ. ಅದರ ಮೇಲೂ ಕಾನೂನಿನ ಕಣ್ಣು ಬಿದ್ದಿದೆ ಎಂದು ಆಮೇಲೆ ಅಳಿಯಂದಿರು ಫೋನಿನಲ್ಲಿ ಹೇಳಿದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎರಡಕ್ಕೂ ಸೇರಿದ ವಿದ್ಯುತ್ ಮಾನದಂಡ 2022ರಲ್ಲಿ ಪರಿಷ್ಕಾರವಾಗಿ, ಲಿಥಿಯಂ ಬ್ಯಾಟರಿಯನ್ನು ಮನುಷ್ಯರು ಉಣ್ಣುವ ಮಲಗುವ ಜಾಗಕ್ಕೆ ತೆರೆದುಕೊಂಡಂತೆ ಕೂರಿಸುವ ಹಾಗಿಲ್ಲ ಎಂದಾಯಿತು. ಒಳಗಿನಿಂದ ಪೂರ್ತಿ ಮುಚ್ಚಿದ, ಹೊರಗಿನ ಗಾಳಿಗೆ ಮಾತ್ರ ಬಾಯಿ ಬಿಟ್ಟ ಪೆಟ್ಟಿಗೆಯಲ್ಲಿರಬೇಕು. ಲಿಥಿಯಂ ಬ್ಯಾಟರಿ ಕೆಡುವುದು ಅಪರೂಪ, ಕೆಟ್ಟರೆ ಅದರಿಂದ ಬರುವ ಹೊಗೆ ಕೆಟ್ಟದ್ದು. ಹಾಸಿಗೆಯ ಕೆಳಗೆ ಅದನ್ನಿಟ್ಟು ಮಲಗುವವರಿಗೆ ಏಳಲು ಸಮಯ ಸಿಗಬೇಕಲ್ಲ. ಸೀಸದ್ದೇನು ಸಾಧುವಲ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೂ ಗಾಳಿಯಾಡಬೇಕು. ಇದೆಲ್ಲ ಸರಿಯೇ.

ಆದರೆ ಮುಂದಿನ ಮೂಲೆಯ ಪ್ಲಾಸ್ಟಿಕ್ ಡಬ್ಬಿಯೊಳಗಿನ ಸಣ್ಣ ಬ್ಯಾಟರಿಗೆ ಫೋನಿಲ್ಲ, ಫಲಕವಿಲ್ಲ, ಬಂಧುಬಳಗವಿಲ್ಲ. ಅದರಿಂದ ದೀಪ ಹತ್ತುವುದಿಲ್ಲ, ಹಾಲು ಕಾಯುವುದಿಲ್ಲ. ವರ್ಷಗಟ್ಟಲೆ ಅದಕ್ಕೆ ಕೆಲಸವೇ ಬರುವುದಿಲ್ಲ. ಕೆಲಸ ಬರದೆ ಇರುವುದೇ ಎಲ್ಲರ ಪುಣ್ಯ. ಹಾಗೆ ಕೂತೂ ಕೂತೂ ಅದು ಒಳಗೇ ಒಣಗುತ್ತದೆ. ಹಿರಿಯರು ಹೇಳಿಕೊಟ್ಟ ಪರೀಕ್ಷೆ ಇಷ್ಟೇ: ಪ್ರಯಾಣಕ್ಕೆ ಮೊದಲು ಕಾರಿನ ಪ್ಲಗ್ಗು ತೆಗೆಯಬೇಕು, ಇಲ್ಲದಿದ್ದರೆ ಕರೆಂಟು ಹಿಮ್ಮುಖವಾಗಿ ನುಗ್ಗಿ ಕಂಟ್ರೋಲರಿಗೆ ಪೆಟ್ಟಾಗಬಹುದು. ಆಮೇಲೆ ಪಿನ್ನು ಎಳೆದು ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಡಬೇಕು. ಕ್ಯಾರವಾನು ಹಟಮಾರಿಯಂತೆ ಹಿಂದಕ್ಕೆ ಜಗ್ಗಿದರೆ ಬ್ಯಾಟರಿ ಬದುಕಿದೆ. ತಕ್ಷಣ ಪಿನ್ನು ವಾಪಸು ಸಿಕ್ಕಿಸಬೇಕು, ಮಾತಾಡುತ್ತ ನಿಲ್ಲಬಾರದು.

ಮಧ್ಯಾಹ್ನ ದೀಪ ಹಸಿರಾಯಿತು. ಅಳಿಯಂದಿರು ಆ ಪರೀಕ್ಷೆಯನ್ನು ಮಾಡಿದರು. ಎರಡು ಟನ್ನು ಮೀರಿದ ಮನೆ ಒಂದು ಅಂಗುಲ ಕದಲದೆ ಕಾರಿನ ಮೂತಿಯನ್ನು ಮೇಲೆತ್ತಿಸಿತು. ಮೊಮ್ಮಗ ಚಪ್ಪಾಳೆ ತಟ್ಟಿದ.

ಆ ಕೆಂಪು ದೀಪದ ನಿಯಮವನ್ನು ಅತಿ ಎನ್ನುವವರ ಪಕ್ಷ ನನ್ನದಲ್ಲ. ಅದು ಅಳದೇ ಹೋಗಿದ್ದರೆ ನಾವು ಸತ್ತ ಬ್ಯಾಟರಿಯ ಭರವಸೆಯ ಮೇಲೆ ವಿಕ್ಟೋರಿಯಾ ಪಾಸನ್ನು ಮತ್ತೆ ಏರುತ್ತಿದ್ದೆವು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಿಯಮಗಳು ಬದಲಾಗುತ್ತವೆ, ದೀಪ ಬೇಡವೆನ್ನುವ ಊರುಗಳೂ ಇವೆ. ದೀಪವಿಲ್ಲದ ಕಡೆ ಆ ಸಣ್ಣ ಬ್ಯಾಟರಿಯನ್ನು ವಿಚಾರಿಸಿಕೊಳ್ಳಲು ಮನುಷ್ಯರೇ ಬೇಕು. ನಿಮ್ಮ ಮಕ್ಕಳೂ ಮೆಲ್ಬರ್ನಿನಿಂದಲೋ ಪರ್ತಿನಿಂದಲೋ ಫೋನ್ ಮಾಡಿ ‘ಕ್ಯಾರವಾನ್ ತಗೊಂಡ್ವಿ’ ಎಂದರೆ, ಎಷ್ಟಾಯಿತು ಎಂದು ಆಮೇಲೆ ಕೇಳಿ. ಮೊದಲು ಬ್ರೇಕಿನ ಸಣ್ಣ ಬ್ಯಾಟರಿಯನ್ನು ಯಾವಾಗ ಪರೀಕ್ಷೆ ಮಾಡಿದಿರಿ ಎಂದು ಕೇಳಿ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ, ಪಿನ್ನು ಎಲ್ಲಿದೆ ಎಂದೂ ಕೇಳಿಬಿಡಿ.